ಕಾಲಿಂಚಕ್ಕ ಮಾತ್ರೆ ಇಳಿಸಿದ ಬಗೆ

ನಮ್ಮ ಅಂಗಡಿಯಲ್ಲಿ ಹೊಸ ಬಟ್ಟೆ ಹೊಲಿಯುವುದಿಲ್ಲ. ಗಾಜಿನ ಬಾಗಿಲ ಮೇಲೆ ದೊಡ್ಡ ಅಕ್ಷರದಲ್ಲಿ ಹಾಗೆಂದು ಬರೆದಿದ್ದರೂ ವಾರಕ್ಕೊಬ್ಬರಾದರೂ ಬಟ್ಟೆಯ ಪೀಸು ಹಿಡಿದು ಒಳಗೆ ಬಂದು ನನ್ನ ಬಾಯಿಗೆ ಕೆಲಸ ಕೊಡುತ್ತಾರೆ. ನಮ್ಮದು ಇರುವ ಬಟ್ಟೆಯನ್ನು ಇರುವ ಮೈಗೆ ಹೊಂದಿಸುವ ಕಸುಬು. ಪ್ಯಾಂಟಿನ ಕಾಲು ಮಡಿಸುವುದು, ಕೋಟಿನ ತೋಳು ಗಿಡ್ಡ ಮಾಡುವುದು, ಹೋದ ವರ್ಷ ಸರಿಯಿದ್ದ ಸ್ಕರ್ಟು ಈ ವರ್ಷ ಯಾಕೆ ಮೇಲೇರುತ್ತಿಲ್ಲ ಎಂಬುದನ್ನು ಗಿರಾಕಿಗೆ ಬೇಸರವಾಗದ ಹಾಗೆ ತಿಳಿಸಿ ಹೊಲಿಗೆ ಬಿಚ್ಚುವುದು. ಬಿಚ್ಚುವುದು, ಹೊಲಿಯುವುದು ನನ್ನ ಗಂಡನ ಅಕ್ಕನ ಪಾಲು. ಇಸ್ತ್ರಿ, ಗುಂಡಿ ಮತ್ತು ಜಗಳ ನನ್ನ ಪಾಲು.

ಬೀದಿಯವರೆಲ್ಲ ಅವರನ್ನು ಕಾಲಿಂಚಕ್ಕ ಎನ್ನುತ್ತಾರೆ. ಯಾರಾದರೂ ಕನ್ನಡಿಯ ಮುಂದೆ ನಿಂತು, ಸೊಂಟದ ಹತ್ತಿರ ಬಟ್ಟೆ ಚಿವುಟಿ ಹಿಡಿದು, "ಎರಡಿಂಚು ತೆಗೆದುಬಿಡಿ" ಎಂದರೆ ಅಕ್ಕ ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ, "ಮೊದ್ಲು ಕಾಲಿಂಚು ಹಿಡಿಯೋಣ" ಎನ್ನುತ್ತಾರೆ. ಎರಡು ಪಕ್ಕ, ಹಿಂದೆ ಮುಂದೆ ಎಲ್ಲ ಸೇರಿದರೆ ಕಾಲಿಂಚೇ ಒಂದಿಂಚಾಗುತ್ತದೆ. ಮೊದಲು ಉದ್ದುದ್ದ ಎಳೆಯ ಕಚ್ಚಾ ಹೊಲಿಗೆ ಹಾಕಿ, ಗಿರಾಕಿಗೆ ತೊಡಿಸಿ, ಕೂರಿಸಿ, ಬಗ್ಗಿಸಿ ನೋಡುತ್ತಾರೆ. ಸರಿ ಬರಲಿಲ್ಲವೆಂದರೆ ಒಂದೆಳೆ ಎಳೆದರೆ ಸಾಕು, ಬಟ್ಟೆ ಮೊದಲಿನಂತಾಗುತ್ತದೆ. ಸರಿ ಬಂದರೆ ಆಮೇಲೆ ಮಿಷಿನ್ನು.

ಅವರಿಗೆ ಇನ್ನೊಂದು ಚಾಳಿಯಿದೆ. ಬಟ್ಟೆ ಸಣ್ಣ ಮಾಡಿದ ಮೇಲೆ ಒಳಗೆ ಉಳಿಯುವ ಅಂಚನ್ನು ಕತ್ತರಿಸುವುದಿಲ್ಲ, ಮಡಚಿ ಒಳಗೇ ಬಿಡುತ್ತಾರೆ. ಪಕ್ಕದ ಬೇಕರಿಯವರ ಕಂದು ಪ್ಯಾಂಟು ಹನ್ನೊಂದು ವರ್ಷದಲ್ಲಿ ಐದು ಸಲ ಸಣ್ಣದಾಗಿದೆ, ಆರು ಸಲ ದೊಡ್ಡದಾಗಿದೆ. ಎಲ್ಲ ಆ ಅಂಚಿನ ಕೃಪೆ. ಇಸ್ತ್ರಿ ಮಾಡುವವಳಿಗೆ ಮಾತ್ರ ಅದು ಶನಿ. ದಪ್ಪ ಅಂಚಿನ ಗುರುತು ಹೊರಗೆ ಮೂಡದ ಹಾಗೆ ಒತ್ತುವುದರಲ್ಲಿ ನನ್ನ ಅರ್ಧ ಆಯುಷ್ಯ ಹೋಗಿದೆ. ಈ ವಿಷಯಕ್ಕೆ ನಾನು ಅಕ್ಕನ ಜೊತೆ ಇಪ್ಪತ್ತು ವರ್ಷ ಜಗಳವಾಡಿದ್ದೇನೆ. ಒಂದು ಸಲವೂ ಗೆದ್ದಿಲ್ಲ.

ಅವರಿಗೆ ಅರವತ್ತೊಂದಾದ ವರ್ಷ ಅದು. ನಮ್ಮಲ್ಲಿ ದಾರದ ಉಂಡೆಗಳನ್ನು ಸಿಕ್ಕಿಸಿಡುವ ಮೊಳೆಹಲಗೆಯೊಂದು ಗೋಡೆಯ ಮೇಲಿದೆ. ಅಕ್ಕ ತಮ್ಮ ಎತ್ತರ ನೋಡಿಕೊಂಡು ತಾವೇ ಹೊಡೆದದ್ದು, ಕಪ್ಪು ದಾರ ಮೇಲಿನ ಸಾಲಿನಲ್ಲಿ. ಒಂದು ಬೆಳಿಗ್ಗೆ, "ಆ ಕಪ್ಪು ದಾರ ತೆಕ್ಕೊಡು" ಎಂದರು. ನನ್ನ ಕೈಯಲ್ಲಿ ಕಾದ ಇಸ್ತ್ರಿಯಿತ್ತು.

"ನಿಮಗೇನು ಕೈ ಇಲ್ವಾ?" ಎಂದೆ.

ಅಕ್ಕ ಸ್ಟೂಲು ಎಳೆದುಕೊಂಡು, ಅದರ ಮೇಲೆ ಹತ್ತಿ, ಮೊಣಕೈ ಮೈಗೆ ಅಂಟಿಸಿಕೊಂಡೇ ದಾರ ತೆಗೆದುಕೊಂಡರು. ಇಳಿಯುವಾಗ ಮಾತ್ರ ಉಸಿರು ಹಿಡಿದದ್ದು ಕೇಳಿಸಿತು. ನಾನಾಡಿದ ಆ ಮಾತು ನೆನಪಾದರೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಬಗ್ಗಿ ಬಗ್ಗಿ ಹೊಲಿಯುವವರಿಗೆ ಭುಜ ನೋಯದೆ ಇರುತ್ತದೆಯೇ ಎಂದುಕೊಂಡು ನಾವು ಒಂದು ತಿಂಗಳು ಕಳೆದೆವು. ಬೇಕರಿಯವರು ಎಣ್ಣೆ ಕೊಟ್ಟರು, ಆಮೇಲೆ ಇನ್ನೊಂದು ಎಣ್ಣೆ ಕೊಟ್ಟರು. ಕೊನೆಗೊಂದು ಬೆಳಿಗ್ಗೆ ಬಸ್ ಡಿಪೋದ ಕೆಲಸಕ್ಕೆ ಹೊರಟ ನನ್ನ ಗಂಡ ಅಕ್ಕನ ಕೋಣೆಗೆ ಇಣುಕಿ ನೋಡಿದರೆ, ಅಕ್ಕ ಮಂಚದ ಅಂಚಿನಲ್ಲಿ ಕೂತಿದ್ದಾರೆ. ಐದೂವರೆಗೆ ಎದ್ದು ಕೂತವರು ಏಳಾದರೂ ನಿಲ್ಲಲು ಆಗಿಲ್ಲ. ಎರಡು ಭುಜ, ಎರಡು ತೊಡೆಯ ಬುಡ, ಯಾವುದೂ ಮಾತು ಕೇಳುತ್ತಿಲ್ಲ. ನನ್ನ ಗಂಡ ದೊಡ್ಡ ದೊಡ್ಡ ಇಂಜಿನ್ನುಗಳನ್ನು ಬಿಚ್ಚಿ ಜೋಡಿಸುವ ಮನುಷ್ಯ. ಅವತ್ತು ಅಕ್ಕನ ಮುಂದೆ ಕೈಕಾಲು ಆಡದೆ ನಿಂತುಬಿಟ್ಟರು.

ಕೀಲಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ರಕ್ತ ಪರೀಕ್ಷೆ ಮಾಡಿಸಿ, ಭುಜ ಸೊಂಟಗಳ ಸುತ್ತ ಉರಿಯೂತವಾಗಿದೆ, ಈ ವಯಸ್ಸಿನಲ್ಲಿ ಕೆಲವರಿಗೆ ಬರುತ್ತದೆ ಎಂದು ಹೇಳಿ ಸ್ಟೀರಾಯ್ಡ್ ಮಾತ್ರೆ ಬರೆದರು. ದಿನಕ್ಕೆ ಹದಿನೈದು ಮಿಲಿಗ್ರಾಂ, ಬೆಳಿಗ್ಗೆ ತಿಂಡಿಯಾದ ಮೇಲೆ. ಮೂರನೇ ದಿನ ಅಕ್ಕ ತಮ್ಮ ಬೂದು ಬಣ್ಣದ ಕೆಲಸದ ಕೋಟನ್ನು ತಾವೇ ತೊಟ್ಟುಕೊಂಡು ಅಂಗಡಿಗೆ ಇಳಿದು ಬಂದರು. ನನಗೆ ಕುಣಿಯುವಷ್ಟು ಖುಷಿಯಾಯಿತು. ರೋಗವೇ ಹೋಯಿತು ಎಂದುಕೊಂಡೆ. ಡಾಕ್ಟರು ಹೋಗಿಲ್ಲ, ಮುಚ್ಚಿಟ್ಟಿದ್ದೇವೆ ಅಷ್ಟೆ ಎಂದಿದ್ದರು. ಖುಷಿಯಲ್ಲಿದ್ದವಳಿಗೆ ಅದು ಕಿವಿಗೆ ಬೀಳಲಿಲ್ಲ.

ಮಾತ್ರೆ ಕೊಟ್ಟದ್ದು ಭುಜ ಮಾತ್ರವಲ್ಲ. ಅಕ್ಕನ ಮುಖ ದುಂಡಗಾಯಿತು, ಕೆನ್ನೆಯ ಹಿಂದೆ ಕಿವಿ ಅರ್ಧ ಮರೆಯಾಯಿತು. ಹಸಿವೋ ಹಸಿವು. ಸಕ್ಕರೆ ಏರಿತು. ಕೋಟಿನ ಗುಂಡಿ ಕೂಡಲಿಲ್ಲ. ಅಕ್ಕ ಕೋಟನ್ನು ಮೇಜಿನ ಮೇಲೆ ಮಗುಚಿ ಹಾಕಿ, ಪಕ್ಕದ ಹೊಲಿಗೆ ಬಿಚ್ಚಿ, ಒಳಗಿದ್ದ ಅಂಚನ್ನೆಲ್ಲ ಹೊರಕ್ಕೆ ಬಿಟ್ಟರು. ಹನ್ನೆರಡು ವರ್ಷದ ಹಿಂದೆ ಹೊಲಿದಾಗ ಎರಡಿಂಚು ಉಳಿಸಿದ್ದರಂತೆ.

"ನೋಡಿದ್ಯಾ? ಕತ್ತರಿಸು ಅಂತಿದ್ದೆ" ಎಂದರು ನನ್ನ ಕಡೆ ತಿರುಗಿ.

ಮೂರನೆಯ ತಿಂಗಳು ನಾನು ಇನ್ನೊಂದು ಗಮನಿಸಿದೆ. ಸೂಜಿಗೆ ದಾರ ಪೋಣಿಸುವುದು ಅಕ್ಕನಿಗೆ ಉಸಿರಾಡಿದಷ್ಟು ಸಲೀಸು. ಈಗ ಎರಡು ಸಲ, ಮೂರು ಸಲ ತಪ್ಪುತ್ತಿತ್ತು. ದೀಪದ ಸುತ್ತ ಬಳೆಯ ಹಾಗೆ ಏನೋ ಕಾಣುತ್ತದೆ ಎಂದರು. ಕಣ್ಣಿನ ಡಾಕ್ಟರು ಪರೀಕ್ಷಿಸಿ, ಕಣ್ಣೊಳಗಿನ ಒತ್ತಡ ಏರಿದೆ, ಸ್ಟೀರಾಯ್ಡ್‌ನಿಂದ ಹೀಗಾಗುತ್ತದೆ, ಹನಿ ಹಾಕಿ, ಆದರೆ ಆ ಮಾತ್ರೆ ಇಳಿದಷ್ಟೂ ಒಳ್ಳೆಯದು, ಒತ್ತಡ ಹೀಗೇ ನಿಂತರೆ ಹೋದ ನೋಟ ವಾಪಸು ಬರುವುದಿಲ್ಲ ಎಂದರು. ಮನೆಗೆ ಬಂದು ಅಂಗಡಿಯ ಬೀಗ ತೆಗೆಯುವಾಗ ಅಕ್ಕ, "ಮಾತ್ರೆ ತಿಂದ್ರೆ ಕಣ್ಣು ಹೋಗುತ್ತೆ, ಬಿಟ್ರೆ ಭುಜ ಹೋಗುತ್ತೆ. ಸೂಜಿ ಹಿಡಿಯೋಳಿಗೆ ಎರಡೂ ಬೇಕಲ್ಲೇ" ಎಂದರು. ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಮಾತ್ರೆ ಇಳಿಸುವ ಕೆಲಸ ಆಗಲೇ ಶುರುವಾಗಿತ್ತು. ಹದಿನೈದರಿಂದ ಹನ್ನೆರಡೂವರೆ, ಅಲ್ಲಿಂದ ಹತ್ತು, ಆಮೇಲೆ ತಿಂಗಳಿಗೊಂದರಂತೆ ಒಂಬತ್ತು, ಎಂಟು, ಏಳು, ಆರು. ಪ್ರತಿ ಸಲ ಇಳಿಸಿದಾಗ ನಾಲ್ಕು ದಿನ ಮೈಕೈ ನೋವು ಎನ್ನುತ್ತಿದ್ದರು, ಆಮೇಲೆ ಸರಿಹೋಗುತ್ತಿತ್ತು. ಐದಕ್ಕೆ ಬಂದರು. ಅದೇ ವಾರ ಕಣ್ಣಿನ ಡಾಕ್ಟರು ಒತ್ತಡ ಇನ್ನೂ ಸಾಕಷ್ಟು ಇಳಿದಿಲ್ಲ ಎಂದರು. ಕಾಲಿಂಚಕ್ಕ ಎಂದು ಹೆಸರು ಹೊತ್ತವರು ಅವತ್ತು ತಾಳ್ಮೆ ಕಳೆದುಕೊಂಡರು. ಯಾರಿಗೂ ಹೇಳದೆ ಮಾತ್ರೆಯನ್ನು ಪೂರ್ತಿ ನಿಲ್ಲಿಸಿದರು. ಮೂರು ದಿನ ಬೆಳಿಗ್ಗೆ ನನ್ನೆದುರೇ ನೀರು ಕುಡಿದು ಲೋಟ ಇಟ್ಟರು. ಮಾತ್ರೆ ಕೋಟಿನ ಜೇಬಿನಲ್ಲಿ ಉಳಿಯಿತು.

ನಾಲ್ಕನೇ ದಿನ ಬೆಳಿಗ್ಗೆ ಹನ್ನೊಂದಕ್ಕೆ ಬೇಕರಿಯವರು ಪ್ಯಾಂಟು ತೊಟ್ಟು ಕನ್ನಡಿಯ ಮುಂದೆ ನಿಂತಿದ್ದರು. ಅವರ ಕಾಲ ಬಳಿ ಮಂಡಿಯೂರಿ ಕೂತಿದ್ದ ಅಕ್ಕ ಎದ್ದು ನಿಂತರು, ಮೇಜು ಹಿಡಿಯಲು ಕೈ ಚಾಚಿದರು, ಮೇಜು ಸಿಗಲಿಲ್ಲ. ಮುಖ ಬಿಳಿಚಿ, ಬೆವರಿಳಿದು, ಅಲ್ಲೇ ಕುಸಿದರು. ವಾಂತಿಯಾಯಿತು. ಬೇಕರಿಯವರು ಒಂದು ಕಾಲಿಗೆ ಗುಂಡುಸೂಜಿ ಚುಚ್ಚಿದ ಅದೇ ಪ್ಯಾಂಟಿನಲ್ಲಿ ಅಕ್ಕನನ್ನು ಎತ್ತಿಕೊಂಡು, ಬ್ರೆಡ್ಡು ಹಾಕುವ ತಮ್ಮ ವ್ಯಾನಿನಲ್ಲಿ ಮಲಗಿಸಿ ಆಸ್ಪತ್ರೆಗೆ ಓಡಿಸಿದರು. ಅವರ ಎಣ್ಣೆಗಳ ಬಗ್ಗೆ ನಾನಾಡಿದ್ದನ್ನೆಲ್ಲ ಅವತ್ತೇ ವಾಪಸು ತೆಗೆದುಕೊಂಡಿದ್ದೇನೆ.

ಸೂಜಿ, ಗ್ಲೂಕೋಸು ಎಲ್ಲ ಆಗಿ ಸಂಜೆಯ ಹೊತ್ತಿಗೆ ಅಕ್ಕನ ಮುಖಕ್ಕೆ ಬಣ್ಣ ಮರಳಿತು. ಕೀಲಿನ ಡಾಕ್ಟರು ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತರು.

"ಮಾತ್ರೆ ಯಾಕೆ ನಿಲ್ಸಿದ್ರಿ?"

"ಕಚ್ಚಾ ಹಾಕಿ ನೋಡಿದೆ" ಎಂದರು ಅಕ್ಕ.

ಡಾಕ್ಟರು ನನ್ನ ಮುಖ ನೋಡಿದರು. ನಾನು ನಮ್ಮ ಕಸುಬಿನ ಭಾಷೆಯನ್ನು ಬಿಡಿಸಿ ಹೇಳಬೇಕಾಯಿತು. ನಾಲ್ಕು ದಿನ ಇಲ್ಲದೆ ಇದ್ದು ನೋಡೋಣ, ಮೈಗೆ ಸರಿ ಬಂದರೆ ಹಾಗೇ ಬಿಡೋಣ, ಬಾರದಿದ್ದರೆ ಎಳೆ ಎಳೆದು ಮತ್ತೆ ಶುರು ಮಾಡೋಣ ಎಂದು ಈ ಮಹಾತಾಯಿ ಲೆಕ್ಕ ಹಾಕಿದ್ದಾರೆ ಎಂದೆ. ಹೇಳುತ್ತಾ ಹೇಳುತ್ತಾ ನನ್ನ ಪಿತ್ತ ನೆತ್ತಿಗೇರಿತು. ಆಸ್ಪತ್ರೆ ಎಂಬುದನ್ನೂ ಮರೆತು ಬಾಯಿಗೆ ಬಂದ ಹಾಗೆ ಬೈದೆ. ಅಕ್ಕ ಕಣ್ಣು ಮುಚ್ಚಿಕೊಂಡು ಎಲ್ಲ ಕೇಳಿಸಿಕೊಂಡರು.

ನಾನು ಸುಸ್ತಾದ ಮೇಲೆ ಡಾಕ್ಟರು ಹೇಳಿದರು, "ಮೈಗೆ ಬೇಕಾದ ಸ್ಟೀರಾಯ್ಡ್ ಮಾಡೋ ಪುಟ್ಟ ಗ್ರಂಥಿ ನಮ್ಮೊಳಗೇ ಇದೆ ಅಮ್ಮ. ಎಂಟು ತಿಂಗಳು ಹೊರಗಿಂದ ಸಿಗ್ತಾ ಇತ್ತಲ್ಲ, ಅದು ಕೆಲ್ಸ ಬಿಟ್ಟು ಮಲಗಿದೆ. ಅದನ್ನ ಎಬ್ಬಿಸ್ಬೇಕು. ನೀವು ಅದು ಏಳೋಕೆ ಮುಂಚೆನೇ ಮನೆ ಬಾಗ್ಲು ಹಾಕ್ಕೊಂಡು ಹೊರಟುಬಿಟ್ರಿ. ಸಣ್ಣ ಸಣ್ಣದಾಗಿ ಇಳಿಸಿದ್ರೆ ಅದಕ್ಕೆ ಗೊತ್ತಾಗುತ್ತೆ, ಓಹೋ ನನ್ನ ಕೆಲ್ಸ ನಾನೇ ಮಾಡ್ಬೇಕು ಅಂತ."

ಅಕ್ಕ ಮೇಲಿನ ಫ್ಯಾನು ನೋಡುತ್ತಾ ಕೇಳಿದರು, "ಡಾಕ್ಟ್ರೇ, ಹತ್ತರಲ್ಲಿ ಒಂದು ತೆಗೆದ್ರೆ ಹತ್ತರಲ್ಲೊಂದು ಪಾಲು. ಐದರಲ್ಲಿ ಒಂದು ತೆಗೆದ್ರೆ ಐದರಲ್ಲೊಂದು ಪಾಲು, ಅಲ್ವಾ? ಬೇಕರಿಯವ್ರ ಪ್ಯಾಂಟಲ್ಲಿ ಒಂದಿಂಚು ತೆಗೆದ್ರೆ ಅವ್ರಿಗೆ ಗೊತ್ತೂ ಆಗಲ್ಲ. ಎಳೇ ಮಗೂ ಅಂಗೀಲಿ ಒಂದಿಂಚು ತೆಗೆದ್ರೆ ತಲೇನೇ ತೂರಲ್ಲ."

ಡಾಕ್ಟರು ನಕ್ಕರು. "ನೀವೇ ಸರಿಯಾಗಿ ಹೇಳಿದ್ರಿ. ಇನ್ಮೇಲೆ ಅರ್ಧರ್ಧ ಇಳಿಸೋಣ" ಎಂದರು. ಮತ್ತೆ ಏಳಕ್ಕೆ ಏರಿಸಿ, ಅಲ್ಲಿಂದ ತಿಂಗಳಿಗೆ ಅರ್ಧ ಮಿಲಿಗ್ರಾಂ ಎಂದು ಬರೆದುಕೊಟ್ಟರು. ಯಾವುದೇ ಜ್ವರ, ವಾಂತಿ, ಆಪರೇಷನ್ನು ಅಂದರೆ ತಮಗೆ ತಿಳಿಸಬೇಕು, ಈ ಮಾತ್ರೆ ತೆಗೆದುಕೊಳ್ಳುತ್ತಿರುವವರು ಎಂಬ ಚೀಟಿ ಸದಾ ಜೇಬಿನಲ್ಲಿರಬೇಕು ಎಂದರು. ಕಣ್ಣಿನ ಡಾಕ್ಟರಿಗೆ ತಾವೇ ಫೋನು ಮಾಡಿ, ಅಷ್ಟು ದಿನ ಕಣ್ಣನ್ನು ಕಾಪಾಡಲು ಇನ್ನೊಂದು ಹನಿ ಸೇರಿಸಿದರು. ಅಕ್ಕ ಆ ಚೀಟಿಗೆ ಕೋಟಿನೊಳಗೆ ಒಂದು ಪುಟ್ಟ ಜೇಬು ಹೊಲಿದರು.

ನನಗೆ ಅಕ್ಕನ ಮೇಲೆ ಗೌರವ ಮೊದಲೇ ಇತ್ತು. ಅದು ಹೇಳಿಕೊಳ್ಳದೆ ಇರುವಂಥ ಗೌರವ. ಆದರೆ ಆ ಮುಂದಿನ ಒಂದೂವರೆ ವರ್ಷ ನಾನು ಕಂಡದ್ದನ್ನು ಹೇಳದೆ ಇದ್ದರೆ ತಪ್ಪಾಗುತ್ತದೆ.

ಮನೆಗೆ ಬಂದ ಮರುದಿನವೇ ಅಕ್ಕ ಕನ್ನಡಿಗೂ ನನ್ನ ಇಸ್ತ್ರಿ ಮೇಜಿಗೂ ನಡುವಿನ ಗೋಡೆಯನ್ನು ಒರೆಸಿ, ಅದರೆದುರು ನೆಲದ ಮೇಲೆ ಪಾದದ ಗುರುತು ಹಾಕಿದರು. ಬೆಳಿಗ್ಗೆ ಎಂಟಕ್ಕೆ ಅಲ್ಲಿ ನಿಂತು, ಬೆರಳುಗಳನ್ನು ಇರುವೆಯ ಹಾಗೆ ಗೋಡೆಯ ಮೇಲೆ ಹತ್ತಿಸುವುದು. ಎಲ್ಲಿಗೆ ನಿಂತಿತೋ ಅಲ್ಲಿ ನಾನು ನೀಲಿ ಸೀಮೆಸುಣ್ಣದಲ್ಲಿ ಗೆರೆ ಎಳೆಯಬೇಕು. ಹತ್ತಕ್ಕೆ ಮತ್ತೆ ಹಾಗೇ, ಆಗ ಬಿಳಿ ಗೆರೆ. ಎರಡರ ನಡುವಿನ ಅಂತರವನ್ನು ಟೇಪಿನಲ್ಲಿ ಅಳೆದು ಪುಸ್ತಕದಲ್ಲಿ ಬರೆಯುತ್ತಿದ್ದರು. ಬೆಳಗಿನ ಬಿಗಿತ ಎಷ್ಟು, ಎಷ್ಟು ಹೊತ್ತಿಗೆ ಬಿಟ್ಟಿತು ಎಂದು ಡಾಕ್ಟರು ಕೇಳಿದರೆ ಬೇರೆಯವರು, "ಪರವಾಗಿಲ್ಲ, ಸ್ವಲ್ಪ ಇದೆ" ಎನ್ನುತ್ತಾರಂತೆ. ನಮ್ಮಕ್ಕ, "ಹೋದ ಮಂಗಳವಾರ ಆರೂಮುಕ್ಕಾಲು ಇಂಚು" ಎನ್ನುತ್ತಿದ್ದರು.

ಆರಕ್ಕೆ ಏಳುವುದು, ಬಿಸಿನೀರಿನ ಚೀಲ ಒಂದು ಭುಜಕ್ಕೆ ಕಾಲು ಗಂಟೆ, ಇನ್ನೊಂದಕ್ಕೆ ಕಾಲು ಗಂಟೆ. ಸ್ನಾನ. ಕೋಟಿನ ತೋಳಿಗೆ ಹೆಚ್ಚು ನೋಯುವ ಕೈ ಮೊದಲು. ಕೆಲಸದ ಸರದಿಯನ್ನೇ ಬದಲಿಸಿದರು. ಬೆಳಿಗ್ಗೆ ಮೊಣಕೈ ಮೇಜಿನ ಮೇಲೆ ಊರಿ ಹೊಲಿಗೆ ಬಿಚ್ಚುವುದು, ಹತ್ತರ ಮೇಲೆ ಮಿಷಿನ್ನು, ದೊಡ್ಡ ಕತ್ತರಿ ಹನ್ನೊಂದಾದ ಮೇಲೇ. ಗಂಟೆಗೊಮ್ಮೆ ಅಡಿಗೆಮನೆಯ ಗಡಿಯಾರ ಕಿರ್ರೆಂದರೆ, ಗಿರಾಕಿ ಯಾರೇ ಇರಲಿ, ಎದ್ದು ಬಸ್ ಸ್ಟಾಪಿನವರೆಗೆ ಹೋಗಿ ಬರುವುದು. ತೀರಾ ನೋವಿದ್ದ ದಿನ ಡಾಕ್ಟರು ಒಪ್ಪಿದ ಸಾದಾ ನೋವಿನ ಮಾತ್ರೆ, ಅದೂ ಅವರು ಹೇಳಿದಷ್ಟೇ. ಬೇಕರಿಯವರು ತಮ್ಮ ಮಂಡಿಗೆ ನುಂಗುವ ಕೆಂಪು ಮಾತ್ರೆ ತಂದಾಗ ಅಕ್ಕ ಕೈಮುಗಿದು, "ನಿಮ್ಮ ಪ್ಯಾಂಟು ನಾನು ತೊಡ್ತೀನಾ?" ಎಂದರು.

ನಾನು ಅತಿ ಮೆಚ್ಚಿದ್ದು ಅವರು ನೋವನ್ನು ವಿಂಗಡಿಸಿದ ರೀತಿ. ಎಲ್ಲ ನೋವೂ ಒಂದೇ ಅಲ್ಲ ಎಂದರು. ಒಂದಕ್ಕೆ ಅಳುಬುರುಕ ಎಂದು ಹೆಸರಿಟ್ಟರು. ಮಾತ್ರೆ ಇಳಿಸಿದ ಮೂರನೇ ದಿನ ಬರುತ್ತದೆ, ಇಲ್ಲಿ ಅಲ್ಲಿ ಎಂದಿಲ್ಲ, ಮೈಯೆಲ್ಲ ಗೊಣಗುತ್ತದೆ, ಸುಸ್ತು ಮಾಡುತ್ತದೆ, ಹತ್ತು ಹದಿನೈದು ದಿನಕ್ಕೆ ತಾನೇ ಸುಮ್ಮನಾಗುತ್ತದೆ. ಇನ್ನೊಂದಕ್ಕೆ ಯಜಮಾನ ಎಂದರು. ಅವನು ಬೆಳಿಗ್ಗೆಯೇ ಬರುತ್ತಾನೆ, ಎರಡು ಭುಜಕ್ಕೂ ಒಟ್ಟಿಗೇ ಕೂರುತ್ತಾನೆ, ದಿನದಿಂದ ದಿನಕ್ಕೆ ಜೋರು ಮಾಡುತ್ತಾನೆ.

"ಅಳುಬುರುಕ ಬಂದ್ರೆ ಸಮಾಧಾನ ಮಾಡ್ತಾ ಕಾಯ್ಬೇಕು. ಯಜಮಾನ ಬಂದ್ರೆ ಡಾಕ್ಟ್ರಿಗೆ ಫೋನ್ ಮಾಡ್ಬೇಕು" ಎಂದರು.

"ಯಾರು ಬಂದಿದ್ದಾರೆ ಅಂತ ಹೇಗೆ ಗೊತ್ತಾಗುತ್ತೆ?"

"ಗೋಡೆ ಹೇಳುತ್ತೆ. ಅಳುಬುರುಕ ಎಷ್ಟೇ ಅತ್ರೂ ಹದಿನೈದು ದಿನಕ್ಕೆ ಕೈ ಮತ್ತೆ ಮೇಲಕ್ಕೆ ಹೋಗುತ್ತೆ."

ಅರ್ಧ ಮಿಲಿಗ್ರಾಂ ಎಂದರೆ ಒಂದರ ಮಾತ್ರೆಯನ್ನು ಎರಡು ಮಾಡಬೇಕು. ಭಾನುವಾರ ಮಧ್ಯಾಹ್ನ ಹೊಲಿಗೆ ಬಿಚ್ಚುವುದಕ್ಕೆಂದು ತಂದ ಹೊಸ ಬ್ಲೇಡು ತೆಗೆದು, ಕಪ್ಪು ಬಟ್ಟೆ ಹಾಸಿ, ಕನ್ನಡಕದ ಮೇಲೊಂದು ಭೂತಗನ್ನಡಿ ಹಿಡಿದು ಅಕ್ಕ ವಾರದ ಮಾತ್ರೆ ಕತ್ತರಿಸುತ್ತಿದ್ದರು. ಆಗ ನಾವ್ಯಾರೂ ಕೆಮ್ಮುವ ಹಾಗೂ ಇರಲಿಲ್ಲ.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ನಾಲ್ಕೂವರೆಯಿಂದ ನಾಲ್ಕಕ್ಕೆ ಇಳಿದ ಮೇಲೆ ನೀಲಿ ಗೆರೆ ದಿನಾ ಕೆಳಗಿಳಿಯುತ್ತಿತ್ತು. ಒಂದು ಬೆಳಿಗ್ಗೆ ಅಕ್ಕನ ಹಣೆಯ ಮೇಲೆ ಬೆವರಿತ್ತು, ಕೈ ಎದೆಯ ಮಟ್ಟ ದಾಟಲಿಲ್ಲ. ನನಗೆ ತಡೆಯಲಾಗಲಿಲ್ಲ. ಅವರು ಮುಖ ತಿರುಗಿಸಿದ್ದನ್ನು ನೋಡಿ ಗೆರೆಯನ್ನು ಎರಡು ಬೆರಳು ಮೇಲೆ ಎಳೆದೆ. ಸ್ವಲ್ಪ ಧೈರ್ಯ ಬರಲಿ ಎಂದು. ಟೇಪು ಹಿಡಿದು ಅಳೆಯಲು ಬಂದ ಅಕ್ಕ ಗೋಡೆಯನ್ನೇ ನೋಡುತ್ತಾ ನಿಂತರು.

"ಇಲ್ಲೊಂದು ಬಣ್ಣ ಎದ್ದ ಜಾಗ ಇದೆ. ನನ್ನ ಬೆರಳು ಅದರ ಕೆಳಗೇ ನಿಂತಿತ್ತು. ಗೆರೆ ಹೇಗೆ ಮೇಲೆ ಹೋಯ್ತು?"

ನಾನು ಇಸ್ತ್ರಿಯ ವೈರು ಬಿಡಿಸುವುದರಲ್ಲಿ ಬಹಳ ಮಗ್ನಳಾದೆ.

"ಗಿರಾಕಿಗೆ ಖುಷಿಯಾಗ್ಲಿ ಅಂತ ಟೇಪು ಎಳೆದು ಹಿಡೀತೀಯಾ? ನಾಳೆ ಬಟ್ಟೆ ತೊಟ್ಟಾಗ ಯಾರಿಗೆ ಬಿಗಿಯೋದು? ನೀನು ಬರೆದ ಗೆರೆ ನಂಬಿ ನಾನು ಮುಂದಿನ ಅರ್ಧ ಇಳಿಸ್ತಿದ್ದೆ."

ದನಿ ಏರಿಸಲಿಲ್ಲ. ಅದೇ ನನಗೆ ತಾಗಿದ್ದು. ನಾನು ಗೆರೆ ಒರೆಸಿ ಸರಿಯಾದ ಜಾಗದಲ್ಲಿ ಎಳೆದೆ. ಅಕ್ಕ ಅಳೆದು ಬರೆದುಕೊಂಡು, ನನ್ನ ಭುಜ ತಟ್ಟಲು ಕೈ ಎತ್ತಿದರು, ಕೈ ಅಷ್ಟು ಮೇಲಕ್ಕೆ ಬರಲಿಲ್ಲ, ಮೊಣಕೈ ತಟ್ಟಿದರು. ಅವತ್ತಿನಿಂದ ಎರಡು ವಾರ ಕಾದರು. ನೀಲಿ ಗೆರೆ ಮತ್ತೆ ಹತ್ತಲು ಶುರುವಾಯಿತು. ಬಂದಿದ್ದವನು ಅಳುಬುರುಕನೇ, ಆ ಸಲ ತುಸು ಹೆಚ್ಚೇ ಅತ್ತಿದ್ದ.

ಎರಡೂವರೆಗೆ ಬಂದಾಗ ಯಜಮಾನನೇ ಬಂದ. ಮೂರು ವಾರ ಕಳೆದರೂ ನೀಲಿ ಬಿಳಿ ಗೆರೆಗಳು ದೂರ ದೂರವೇ ಉಳಿದವು. ಅಕ್ಕ ಫೋನು ಮಾಡಿದರು, ರಕ್ತ ಪರೀಕ್ಷೆಯಲ್ಲೂ ಉರಿಯೂತ ಏರಿದ್ದು ಕಂಡಿತು. ಮೂರಕ್ಕೆ ವಾಪಸು ಹೋಗಿ ಮೂರು ತಿಂಗಳು ಅಲ್ಲೇ ನಿಲ್ಲಿ ಎಂದರು ಡಾಕ್ಟರು. ನಾನು ಅತ್ತುಬಿಟ್ಟೆ. ವರ್ಷದ ಶ್ರಮ ನೀರಿನಲ್ಲಿ ಹೋಮವಾಯಿತು ಎಂದೆ. ನನ್ನ ಗಂಡ ತಲೆಯ ಮೇಲೆ ಕೈ ಹೊತ್ತು ಕೂತರು. ಅಕ್ಕ ಮಾತ್ರ ಬಾಬಿನ್ನಿಗೆ ದಾರ ಸುತ್ತುತ್ತಲೇ ಇದ್ದರು.

"ಒಂದು ಹೊಲಿಗೆ ಬಿಚ್ಚಿದ್ವಿ ಅಷ್ಟೆ. ಇಡೀ ಕೋಟು ಬಿಚ್ಚಲಿಲ್ವಲ್ಲ. ಇಬ್ರೂ ಎದ್ದು ಕೆಲ್ಸ ನೋಡಿ" ಎಂದರು.

ಧೈರ್ಯ ಎಂದರೆ ಎದೆ ಉಬ್ಬಿಸಿ ನಿಲ್ಲುವುದು ಎಂದು ನಾನು ಅಲ್ಲಿಯವರೆಗೆ ತಿಳಿದಿದ್ದೆ. ದಿನಾ ಬೆಳಿಗ್ಗೆ ತನ್ನ ಕೈ ಎಷ್ಟು ಮೇಲೇರುವುದಿಲ್ಲ ಎಂಬುದನ್ನು ತಾನೇ ಅಳೆದು, ಸುಳ್ಳಿಲ್ಲದೆ ಬರೆದಿಟ್ಟು, ಆಮೇಲೆ ಮತ್ತೊಬ್ಬರ ಪ್ಯಾಂಟು ಹೊಲಿಯಲು ಕೂರುವುದೂ ಧೈರ್ಯವೇ. ಅಕ್ಕನನ್ನು ನೋಡಿದ ಮೇಲೆ ಬೇರೆ ಬಗೆಯ ಧೈರ್ಯವನ್ನು ನಾನು ಅಷ್ಟಾಗಿ ಲೆಕ್ಕಕ್ಕಿಡುವುದಿಲ್ಲ.

ಮಾತ್ರೆ ಇಳಿದ ಹಾಗೆ ಮುಖವೂ ಇಳಿಯಿತು, ಕಿವಿಗಳು ಮತ್ತೆ ಕಂಡವು. ಕೋಟು ಜೋತಾಡಿದಾಗಲೆಲ್ಲ ಅಕ್ಕ ಒಂದೊಂದು ಕಾಲಿಂಚು ಹಿಡಿದು ಹೊಲಿದರು. ಒಳಗಡೆ ಒಂದರ ಪಕ್ಕ ಒಂದು ಹೊಲಿಗೆಯ ಸಾಲು. ಕಣ್ಣಿನ ಒತ್ತಡ ಮೊದಲು ನಿಂತಿತು, ಆಮೇಲೆ ಇಳಿಯಿತು. ಇದ್ದ ನೋಟ ಉಳಿದಿದೆ, ಹೆದರಬೇಡಿ ಎಂದರು ಕಣ್ಣಿನ ಡಾಕ್ಟರು. ಎರಡೂವರೆಯನ್ನು ಎರಡನೇ ಸಲ ದಾಟಿದೆವು. ಎರಡು, ಒಂದೂವರೆ, ಒಂದು. ಗ್ರಂಥಿ ಎದ್ದಿದೆಯೇ ಎಂದು ಬೆಳಿಗ್ಗೆ ರಕ್ತ ತೆಗೆದು ನೋಡಿದರು. ಎದ್ದಿತ್ತು. ಕೊನೆಯ ಅರ್ಧವನ್ನು ಒಂದು ಸೋಮವಾರ ನಿಲ್ಲಿಸಿದರು, ಈ ಸಲ ಡಾಕ್ಟರು ಹೇಳಿ.

ಆಮೇಲೆ ಏಳು ವಾರ ನಾವಿಬ್ಬರೂ ಗೋಡೆಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದೆವು. ನೀಲಿ ಗೆರೆ, ಬಿಳಿ ಗೆರೆ ಒಂದಕ್ಕೊಂದು ತಾಗುವಷ್ಟು ಹತ್ತಿರ ಬಂದು ಅಲ್ಲೇ ನಿಂತವು.

ಎಂಟನೇ ವಾರ ಶಾಲೆ ಶುರುವಾಗುವ ಗಡಿಬಿಡಿ. ಅಂಗಡಿಯ ತುಂಬ ಮಕ್ಕಳ ಸ್ಕರ್ಟು, ಚಡ್ಡಿ. ನಾನು ಎಂಟಕ್ಕೆ ಸರಿಯಾಗಿ ನೀಲಿ ಸುಣ್ಣ ಹಿಡಿದು ಗೋಡೆಯ ಬಳಿ ನಿಂತೆ. ಅಕ್ಕ ಬಂದವರೇ ಮಿಷಿನ್ನಿನ ಮುಂದೆ ಕೂತರು. ಸೂಜಿಗೆ ದಾರ ಮೊದಲ ಸಲಕ್ಕೇ ಹೋಯಿತು. ಎರಡು ಸ್ಕರ್ಟು ಮುಗಿದವು. ನಾನು ನಿಂತೇ ಇದ್ದೆ.

"ಗೋಡೆಗೇನು ಕಾವಲಾ? ಇಸ್ತ್ರಿ ಕಾದು ಹೋಗ್ತಿದೆ ನೋಡು" ಎಂದರು.

ಅಳತೆ ಎಂದರೆ ಪ್ರಾಣ ಬಿಡುವ ಹೆಂಗಸು ಅಳತೆಯನ್ನೇ ಮರೆತಿದ್ದರು. ನಾನು ನೆನಪಿಸಲಿಲ್ಲ. ಸುಣ್ಣವನ್ನು ಜೇಬಿಗೆ ಹಾಕಿಕೊಂಡೆ.

ಮಧ್ಯಾಹ್ನ ಗಿರಾಕಿಗಳು ಕರಗಿದ ಮೇಲೆ ಅಕ್ಕ ಕೋಟು ಬಿಚ್ಚಿ, ಕೊನೆಯ ಕಾಲಿಂಚು ಹಿಡಿದು ಹೊಲಿದು, ನನ್ನ ಮೇಜಿನ ಮೇಲೆ ಹಾಕಿದರು. ಕೋಟು ಮೊದಲಿನ ಅಳತೆಗೆ ಬಂದಿತ್ತು. ಮಗುಚಿ ನೋಡಿದೆ. ಎರಡೂ ಪಕ್ಕದಲ್ಲಿ ಎರಡೆರಡು ಇಂಚು ಅಂಚು, ಅದರ ಮೇಲೆ ಒಂಬತ್ತು ಸಾಲು ಹೊಲಿಗೆ, ದಪ್ಪವೋ ದಪ್ಪ. ನಾನು ಕತ್ತರಿ ಕೈಗೆತ್ತಿಕೊಂಡೆ.

"ಇನ್ನಾದ್ರೂ ಇದನ್ನ ಕತ್ತರಿಸಿ ಬಿಸಾಕ್ತೀನಿ ಅಕ್ಕ."

"ಬೇಡ. ಇರ್ಲಿ."

"ಯಾಕೆ ಇರ್ಬೇಕು? ಮುಗೀತಲ್ಲ ಎಲ್ಲ! ಮತ್ತೆ ಬರುತ್ತೆ ಅಂತ ನೀವೇ ಕರೀತಿದ್ದೀರಾ ಹೇಗೆ?" ನನ್ನ ದನಿ ಏರಿದ್ದು ನನಗೇ ಕೇಳಿಸಿತು.

"ಕರೀತಿಲ್ಲ. ಬಂದ್ರೂ ಬರ್ಬಹುದು ಅಂತ ಡಾಕ್ಟ್ರು ಹೇಳಿಲ್ವಾ? ಬಂದಾಗ ಬಟ್ಟೆ ಎಲ್ಲಿಂದ ತರ್ಲಿ?"

ಬೇಕರಿಯವರ ಪ್ಯಾಂಟಿನ ವಿಷಯ ಮಾತಾಡುವಾಗ ಹೇಗೆ ಹೇಳುತ್ತಾರೋ ಹಾಗೇ ಹೇಳಿದರು. ದನಿಯಲ್ಲಿ ಭಯದ ಎಳೆಯೂ ಇರಲಿಲ್ಲ. ಹೇಳುತ್ತಾ, ನನ್ನ ತಲೆಯ ಮೇಲಿಂದ ಕೈ ಚಾಚಿ ಮೇಲಿನ ಸಾಲಿನ ಕಪ್ಪು ದಾರ ತೆಗೆದುಕೊಂಡು ಮಿಷಿನ್ನಿಗೆ ಹೋದರು. ತಾವು ಏನು ಮಾಡಿದೆವೆಂದು ಅವರಿಗೆ ಗೊತ್ತೇ ಆಗಲಿಲ್ಲ.

ನಾನು ಕತ್ತರಿ ಕೆಳಗಿಟ್ಟೆ. ಕಣ್ಣೊರೆಸಿಕೊಂಡು, ಕೋಟಿನ ಮೇಲೆ ಒದ್ದೆ ಬಟ್ಟೆ ಹಾಸಿದೆ. ಇಪ್ಪತ್ತು ವರ್ಷ ಬೈದುಕೊಂಡು ಬಂದ ಆ ಅಂಚನ್ನು ಒಂದು ಮಡಿಕೆಯೂ ಬೀಳದ ಹಾಗೆ ಬಿಡಿಸಿ, ನಿಧಾನವಾಗಿ ಇಸ್ತ್ರಿ ಒತ್ತಿದೆ.